ಅಂತೆಕಂತೆಗಳ ಸಂತೆಯಲ್ಲಿ ಒಂದು ಯಂತ್ರ

2001ರ ಜನವರಿ 9ರಂದು ಅಮೆರಿಕದ ಇನ್‌ಸೈಡ್ ಡಾಟ್ ಕಾಮ್ ಎಂಬ ಜಾಲತಾಣ ಪುಸ್ತಕಲೋಕದ ಸುದ್ದಿಯೊಂದನ್ನು ಪ್ರಕಟಿಸಿತು. ಹಾರ್ವರ್ಡ್ ಬಿಸಿನೆಸ್ ಸ್ಕೂಲ್ ಪ್ರೆಸ್ ಎರಡೂವರೆ ಲಕ್ಷ ಡಾಲರ್ ಕೊಟ್ಟು ಒಂದು ಪುಸ್ತಕದ ಹಕ್ಕನ್ನು ಕೊಂಡುಕೊಂಡಿದೆ. ಪುಸ್ತಕ ಇನ್ನೂ ಬರೆದು ಮುಗಿದಿಲ್ಲ. ಅದು ಯಾವ ವಸ್ತುವಿನ ಕುರಿತಾದದ್ದು ಎಂಬುದು ದುಡ್ಡು ಕೊಟ್ಟ ಪ್ರಕಾಶಕರಿಗೂ ಗೊತ್ತಿಲ್ಲ! ಗೊತ್ತಿದ್ದದ್ದು ಇಷ್ಟೇ: ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರಿನಲ್ಲಿ ಡೀನ್ ಕೇಮನ್ ಎಂಬ ಸಂಶೋಧಕರು ಗುಟ್ಟಾಗಿ ಏನನ್ನೋ ತಯಾರಿಸುತ್ತಿದ್ದಾರೆ. ಅದರ ಗುಪ್ತನಾಮ 'ಜಿಂಜರ್'. ಲೇಖಕ ಸ್ಟೀವ್ ಕೆಂಪರ್ ಪ್ರಕಾಶಕರಿಗೆ ಕಳಿಸಿದ ಪ್ರಸ್ತಾವದಲ್ಲಿ ಅದಕ್ಕೆ ಇದ್ದ ಇನ್ನೊಂದು ಹೆಸರು 'ಇಟ್'. ನಮ್ಮ ಮಾತಿನಲ್ಲಿ ಹೇಳುವುದಾದರೆ ಬರೀ 'ಅದು'.

ಆ 'ಅದು' ಮುಂದಿನ ಹನ್ನೊಂದು ತಿಂಗಳು ಒಂದು ದೇಶದ ತಲೆ ತಿಂದಿತು. ಇನ್ನೂ ಕಣ್ಣಿಗೆ ಬೀಳದ ಯಂತ್ರವೊಂದರ ಹೊಟ್ಟೆಯಲ್ಲಿ ಏನೇನು ಅಡಗಿದೆ ಎಂದು ಅಂತರ್ಜಾಲದಲ್ಲಿ ಸಾವಿರಾರು ಜನ ಒಟ್ಟಿಗೆ ಕೂತು ಊಹಿಸಿದ ಮೊದಮೊದಲ ದೊಡ್ಡ ಪ್ರಸಂಗ ಅದು. ಈಗ ಪ್ರತಿ ಹೊಸ ಮೊಬೈಲಿಗೂ ಬಿಡುಗಡೆಗೆ ಆರು ತಿಂಗಳ ಮೊದಲೇ ಇಂಥ ಜಾತ್ರೆ ನಡೆಯುತ್ತದೆ. ನಮಗದು ಅಭ್ಯಾಸವಾಗಿ ಹೋಗಿದೆ. ಆದರೆ ಜಿಂಜರಿನ ಕತೆಯನ್ನು ಮತ್ತೆ ಮತ್ತೆ ಓದುವಾಗ ನನ್ನನ್ನು ಕಾಡುವುದು ಅದರ ತಮಾಷೆಯ ಭಾಗವಲ್ಲ. ಎಲ್ಲರೂ ಕಾಣದ ಯಂತ್ರದ ಧ್ಯಾನದಲ್ಲಿದ್ದಾಗ ಅದೇ ಸಂಶೋಧಕರ ಇನ್ನೊಂದು ಯಂತ್ರ ಎಲ್ಲರ ಕಣ್ಣೆದುರಿಗೇ ಇತ್ತು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು, ಸೋರಿಹೋದ ಆ ಪ್ರಸ್ತಾವದಲ್ಲಿ ಏನಿತ್ತು ಎಂದು ನೋಡೋಣ. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್, ಅಮೆಜಾನಿನ ಜೆಫ್ ಬೆಜೋಸ್, ಬಂಡವಾಳಗಾರ ಜಾನ್ ಡೋರ್ ಮೂವರೂ ಯಂತ್ರವನ್ನು ನೋಡಿದ್ದಾರೆ. ಜನ ಇದನ್ನು ನೋಡಿದರೆ ಸಾಕು, ನಗರಗಳನ್ನು ಇದಕ್ಕೆ ತಕ್ಕಂತೆ ಕಟ್ಟಿ ಎಂದು ಯಾರಿಗೂ ಹೇಳಬೇಕಾಗಿಲ್ಲ, ಅದು ತಾನಾಗಿಯೇ ಆಗುತ್ತದೆ ಎಂಬರ್ಥದ ಮಾತನ್ನು ಜಾಬ್ಸ್ ಆಡಿದ್ದಾರೆ. ಮಾರಾಟಕ್ಕೇನೂ ತೊಂದರೆಯಿಲ್ಲ, ಆದರೆ ಇದನ್ನು ಬಳಸಲು ಜನರಿಗೆ ಅನುಮತಿ ಸಿಗುತ್ತದೆಯೇ ಎಂದು ಬೆಜೋಸ್ ಕೇಳಿದ್ದಾರೆ. ಅಂತರ್ಜಾಲದಷ್ಟು ದೊಡ್ಡದು ಈ ಜನ್ಮದಲ್ಲಿ ಇನ್ನೊಂದು ಬರಲಾರದು ಎಂದುಕೊಂಡಿದ್ದ ಡೋರ್ ಅವರಿಗೆ ಈಗ ಆ ಮಾತಿನ ಮೇಲೆ ಭರವಸೆ ಹೋಗಿದೆ. ಐದು ವರ್ಷಗಳಲ್ಲಿ ಕೇಮನ್ ಬಿಲ್ ಗೇಟ್ಸ್‌ಗಿಂತ ಶ್ರೀಮಂತರಾಗುತ್ತಾರೆ ಎಂದು ಹೂಡಿಕೆ ಬ್ಯಾಂಕೊಂದು ಲೆಕ್ಕ ಹಾಕಿದೆ. ಯಂತ್ರದ ಬಗ್ಗೆ ನೇರವಾದ ಸುಳಿವು ಮಾತ್ರ ಬಹಳ ಕಡಿಮೆ. ಬಿಡಿಭಾಗಗಳು ಒಂದೆರಡು ದೊಡ್ಡ ಚೀಲ ಮತ್ತು ರಟ್ಟಿನ ಪೆಟ್ಟಿಗೆಗಳಲ್ಲಿ ಹಿಡಿಸುತ್ತವೆ. ಸ್ಕ್ರೂ ಡ್ರೈವರ್ ಮತ್ತು ಸ್ಪ್ಯಾನರ್ ಇದ್ದರೆ ಹತ್ತು ನಿಮಿಷದಲ್ಲಿ ಎರಡು ಜಿಂಜರ್ ಜೋಡಿಸಬಹುದು. ಕೊಳಕಾದ, ದುಬಾರಿಯಾದ, ಕೆಲವೊಮ್ಮೆ ಅಪಾಯಕಾರಿಯೂ ಆದ, ನಗರವಾಸಿಗಳನ್ನು ಹೈರಾಣಾಗಿಸುವ ವಸ್ತುಗಳಿಗೆ ಇದು ಪರ್ಯಾಯವಂತೆ.

ಕೊನೆಯ 'ಅಂತೆ' ನನ್ನದು. ಕೇಳಿದ್ದನ್ನು ಕಂಡದ್ದರಿಂದ ಬೇರ್ಪಡಿಸಲು ಕನ್ನಡ ಕೊಟ್ಟಿರುವ ಈ ಪುಟ್ಟ ಪ್ರತ್ಯಯ ಎಷ್ಟು ಉಪಕಾರಿ ಎಂಬುದು ಇಂಥ ಕತೆ ಹೇಳುವಾಗ ತಿಳಿಯುತ್ತದೆ. ಮಳೆ ಬಂತು ಎಂದವನು ನೆನೆದಿರುತ್ತಾನೆ. ಮಳೆ ಬಂತಂತೆ ಎಂದವನು ಮನೆಯೊಳಗೇ ಇದ್ದಾನೆ. ಆದರೆ ಅಂತೆಗಳು ಹತ್ತಾರು ಸೇರಿ ಕಂತೆಯಾದರೆ, ಮೊದಲ ಅಂತೆಯನ್ನು ಯಾರು ಅಂದರು ಎಂಬುದು ಮರೆತೇಹೋಗುತ್ತದೆ. ಜಿಂಜರಿಗೂ ಹಾಗೆಯೇ ಆಯಿತು. ಜಲಜನಕದಿಂದ ಓಡುವ ಸ್ಕೂಟರಂತೆ. ಗುರುತ್ವಾಕರ್ಷಣೆಯನ್ನು ಮೀರಿ ನೆಲ ಮುಟ್ಟದೆ ತೇಲುವ ಹಲಗೆಯಂತೆ. ಕ್ಷಣಮಾತ್ರದಲ್ಲಿ ಮನುಷ್ಯನನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಪೆಟ್ಟಿಗೆಯಂತೆ. ಸ್ಟರ್ಲಿಂಗ್ ಎಂಜಿನ್ ಎಂಬ ಹಳೆಯ ಮಾದರಿಯ ಶಾಖಯಂತ್ರವನ್ನು ಸುಧಾರಿಸುವ ಕೆಲಸದಲ್ಲಿ ಕೇಮನ್ ನಿಜವಾಗಿಯೂ ತೊಡಗಿದ್ದರಿಂದ, ಯಾವ ಇಂಧನ ಕೊಟ್ಟರೂ ನಡೆಯುವ ಎಂಜಿನ್ ಒಳಗಿರಲೇಬೇಕು ಎಂಬ ವಾದಕ್ಕೆ ತೂಕ ಹೆಚ್ಚಿತ್ತು. ಜನ ಊಹಿಸುತ್ತಿರುವಂಥ ಭೂಮಿ ನಡುಗಿಸುವ ಸಂಗತಿ ಯಾವುದೂ ತಮ್ಮಲ್ಲಿಲ್ಲ ಎಂದು ಸ್ವತಃ ಕೇಮನ್ ಹೇಳಿಕೆ ಕೊಟ್ಟರು. ಕೇಳುವವರು ಯಾರು? ಗುಟ್ಟು ಕಾಯುವವನು ಹೀಗೇ ತಾನೇ ಹೇಳಬೇಕು ಎಂದು ಜನ ಕಣ್ಣು ಮಿಟುಕಿಸಿದರು.

ಆಗ ನಾನು ಬೆಂಗಳೂರಿನಲ್ಲಿ ಪದವಿ ಓದುತ್ತಿದ್ದೆ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ತೆತ್ತು ಕೂತಾಗ ಇಂಗ್ಲಿಷಿನಲ್ಲಿ ಎರಡು ದಪ್ಪಕ್ಷರಗಳಾಗಿ ಬರೆದಿದ್ದ ಆ 'ಇಟ್' ಕಣ್ಣಿಗೆ ಬಿತ್ತು. ನಮ್ಮ ಊರಿನಲ್ಲಿ ಆ ಎರಡು ಅಕ್ಷರಗಳನ್ನು ಓದುವ ರೀತಿಯೇ ಬೇರೆ. ನಮಗದು 'ಐಟಿ', ಅಂದರೆ ಕೆಲಸ, ಸಂಬಳ, ಅಮೆರಿಕದ ವೀಸಾ. ಅದೇ ಹೊತ್ತಿಗೆ ಆ ಐಟಿಯ ಗಾಳಿಯೂ ಇಳಿಯತೊಡಗಿತ್ತು. 2000ದ ಮಾರ್ಚಿನಲ್ಲಿ ತುದಿ ಮುಟ್ಟಿದ್ದ ನಾಸ್‌ಡ್ಯಾಕ್ ಸೂಚ್ಯಂಕ ವರ್ಷ ಮುಗಿಯುವುದರೊಳಗೆ ಅರ್ಧಕ್ಕೆ ಕುಸಿದಿತ್ತು, ಡಾಟ್ ಕಾಮ್ ಕಂಪನಿಗಳು ಸಾಲುಸಾಲಾಗಿ ಬಾಗಿಲು ಹಾಕುತ್ತಿದ್ದವು. ಜಿಂಜರಿನ ಗುಲ್ಲು ಅಷ್ಟು ಜೋರಾಗಿ ಎದ್ದದ್ದಕ್ಕೆ ಈ ಸಮಯವೂ ಕಾರಣವೆಂದು ನನಗನ್ನಿಸುತ್ತದೆ. ಕೈಯಲ್ಲಿದ್ದ ಕನಸು ಒಡೆಯುತ್ತಿರುವಾಗ ಮುಂದಿನ ಕನಸಿಗೆ ಹಸಿವು ಜಾಸ್ತಿ. ಅಂತರ್ಜಾಲಕ್ಕಿಂತ ದೊಡ್ಡದು ಬರುತ್ತಿದೆ ಎಂಬ ಮಾತು ಅಂತರ್ಜಾಲದ ಸಂಪತ್ತು ಕರಗುತ್ತಿದ್ದ ತಿಂಗಳಲ್ಲೇ ಬಂತು.

ಈ ಹಸಿವು ಅಂತರ್ಜಾಲದ ಕಾಲದಲ್ಲಿ ಹುಟ್ಟಿದ್ದೇನಲ್ಲ. 1878ರ ಏಪ್ರಿಲ್ ಒಂದರಂದು ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪತ್ರಿಕೆ, ಥಾಮಸ್ ಎಡಿಸನ್ ಮಣ್ಣು, ನೀರು, ಗಾಳಿಯಿಂದ ಆಹಾರ ತಯಾರಿಸುವ ಯಂತ್ರವನ್ನು ಕಂಡುಹಿಡಿದಿದ್ದಾರೆ ಎಂದು ಬರೆಯಿತು. ಏಪ್ರಿಲ್ ಫೂಲ್ ತಮಾಷೆ. ಆದರೆ ಹಿಂದಿನ ವರ್ಷವಷ್ಟೇ ಫೋನೋಗ್ರಾಫ್ ಮಾಡಿ ಸತ್ತ ಮೇಲೂ ಮನುಷ್ಯನ ದನಿ ಉಳಿಯುವಂತೆ ಮಾಡಿದ್ದ ಎಡಿಸನ್‌ಗೆ ಆಗದ್ದು ಯಾವುದು? ಬಫಲೋ ನಗರದ ಪತ್ರಿಕೆಯೊಂದು ಅದನ್ನು ನಿಜವೆಂದೇ ತಿಳಿದು ಹಾಡಿಹೊಗಳಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಎಡಿಸನ್ ತಾವೇ ಪತ್ರಕರ್ತರನ್ನು ಕರೆದು, ವಿದ್ಯುತ್ ದೀಪದ ಸಮಸ್ಯೆಯನ್ನು ಬಿಡಿಸಿಯಾಯಿತು ಎಂದರು. ಆಗ ಅವರ ಬಳಿ ಗಂಟೆಗಟ್ಟಲೆ ಉರಿಯುವ ಬಲ್ಬ್ ಇರಲಿಲ್ಲ. ಅದು ಸಿದ್ಧವಾಗಲು ಇನ್ನೂ ಒಂದು ವರ್ಷ ಹಿಡಿಯಿತು. ಆದರೂ ಲಂಡನ್ನಿನಲ್ಲಿ ಗ್ಯಾಸ್ ಕಂಪನಿಗಳ ಷೇರು ಬಿದ್ದುಹೋದವು. ಇಲ್ಲದ ದೀಪಕ್ಕೆ ಇದ್ದ ದೀಪಗಳ ಬೆಲೆ ಇಳಿಸುವ ಶಕ್ತಿಯಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಯುವುದು ಎಂಬ ಗಾದೆ ನಮ್ಮಲ್ಲಿದೆ. ಕುಲಾವಿ ಹೊಲಿದಾದ ಮೇಲೆ ಮಗುವಿನ ತಲೆ ಅದಕ್ಕೆ ಸರಿಹೊಂದಬೇಕೆಂದು ಹಟ ಹಿಡಿಯುವುದು ಅದರ ಮುಂದಿನ ಹಂತ.

ಎಡಿಸನ್ ಹಾಗೆ ಕೇಮನ್‌ಗೂ ಹಿಂದಿನ ಕೆಲಸದ ಬಲವಿತ್ತು. 1951ರಲ್ಲಿ ಹುಟ್ಟಿದ ಅವರು ಕಾಮಿಕ್ಸ್ ಚಿತ್ರಕಾರ ಜ್ಯಾಕ್ ಕೇಮನ್ ಅವರ ಮಗ. ವಿದ್ಯಾರ್ಥಿಯಾಗಿದ್ದಾಗಲೇ ರೋಗಿಯ ದೇಹಕ್ಕೆ ಅಳತೆಯ ಔಷಧಿಯನ್ನು ಸ್ವಲ್ಪ ಸ್ವಲ್ಪವಾಗಿ ಊಡುವ ಪಂಪ್ ತಯಾರಿಸಿದರು. ಡೆಕಾ ಎಂಬ ತಮ್ಮ ಸಂಸ್ಥೆಯಲ್ಲಿ, ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುವ ಯಂತ್ರದ ಮೇಲೆ ದುಡಿದರು. ತೊಂಬತ್ತರ ದಶಕದಲ್ಲಿ ಅವರು ಕೈಗೆತ್ತಿಕೊಂಡದ್ದು ಐಬಾಟ್ ಎಂಬ ಗಾಲಿಕುರ್ಚಿ. ಗಾಲಿಕುರ್ಚಿಯಲ್ಲಿದ್ದ ಒಬ್ಬ ಮನುಷ್ಯ ಪಾದಚಾರಿ ಮಾರ್ಗದ ಅಂಚನ್ನು ಹತ್ತಲಾಗದೆ ಒದ್ದಾಡುವುದನ್ನು ಕಂಡದ್ದೇ ಇದರ ಮೂಲ ಎಂದು ಅವರು ಹೇಳಿಕೊಂಡಿದ್ದಾರೆ. ಐಬಾಟ್ ಮೆಟ್ಟಿಲು ಹತ್ತುತ್ತಿತ್ತು, ಮರಳಿನಲ್ಲಿ ಸಾಗುತ್ತಿತ್ತು. ಎಲ್ಲಕ್ಕಿಂತ ಮಿಗಿಲಾಗಿ ಎರಡೇ ಗಾಲಿಗಳ ಮೇಲೆ ಎದ್ದು ನಿಂತು, ಕೂತವರನ್ನು ನಿಂತವರ ಕಣ್ಣಿನ ಮಟ್ಟಕ್ಕೆ ಏರಿಸುತ್ತಿತ್ತು. ಬೀಳದಂತೆ ಕಾಯುವುದಕ್ಕೆ ಗೈರೋಸ್ಕೋಪುಗಳು, ಅವು ಹೇಳಿದ್ದನ್ನು ಲೆಕ್ಕ ಹಾಕಿ ಗಾಲಿಗಳನ್ನು ಹಿಂದೆ ಮುಂದೆ ಸರಿಸುವ ಕಂಪ್ಯೂಟರುಗಳು. ಇದರ ಗುಪ್ತನಾಮ 'ಫ್ರೆಡ್'. ಹಳೆಯ ಹಾಲಿವುಡ್ಡಿನ ನೃತ್ಯಗಾರ ಫ್ರೆಡ್ ಆಸ್ಟೇರ್ ಅವರ ನೆನಪಿನಲ್ಲಿ ಇಟ್ಟದ್ದು.

ಫ್ರೆಡ್ ಆಸ್ಟೇರ್ ಜತೆಗೆ ಕುಣಿಯುತ್ತಿದ್ದವರು ಯಾರು? ಜಿಂಜರ್ ರೋಜರ್ಸ್. ಗುಟ್ಟಿನ ಹೆಸರಿನಲ್ಲೇ ಗುಟ್ಟು ಅರ್ಧ ಬಿಚ್ಚಿಕೊಂಡಿತ್ತು: ಜಿಂಜರ್ ಎಂದರೆ ಫ್ರೆಡ್‌ನ ಜೋಡಿ, ಸಮತೋಲ ಕಾಯ್ದುಕೊಳ್ಳುವ ಇನ್ನೊಂದು ಯಂತ್ರ. ಉಳಿದರ್ಧವೂ ಬಹಳ ದಿನ ಮುಚ್ಚಿರಲಿಲ್ಲ. ಪೇಟೆಂಟ್ ಎನ್ನುವುದು ಒಂದು ಒಪ್ಪಂದ. ನಕಲು ಮಾಡದಂತೆ ಸರ್ಕಾರ ರಕ್ಷಣೆ ಕೊಡುತ್ತದೆ, ಪ್ರತಿಯಾಗಿ ಸಂಶೋಧಕ ತನ್ನ ಕಟ್ಟುಪಾಡನ್ನೆಲ್ಲ ಬಹಿರಂಗಪಡಿಸಬೇಕು. ಕೇಮನ್ ಅವರ ಅಂತರರಾಷ್ಟ್ರೀಯ ಅರ್ಜಿ 2000ದ ಡಿಸೆಂಬರಿನಲ್ಲೇ ಪ್ರಕಟವಾಗಿತ್ತು. ಗುಲ್ಲೆದ್ದ ಕೆಲವೇ ದಿನಗಳಲ್ಲಿ ಕುತೂಹಲಿಗಳು ಅದನ್ನು ಹುಡುಕಿ ತೆಗೆದರು. ಹಿಡಿಕೋಲು ಹಿಡಿದು, ಗಾಲಿಗಳ ಮೇಲಿನ ಪುಟ್ಟ ಹಲಗೆಯ ಮೇಲೆ ನೆಟ್ಟಗೆ ನಿಂತ ವ್ಯಕ್ತಿಯ ರೇಖಾಚಿತ್ರ ಅದರಲ್ಲಿತ್ತು. ಪತ್ರಿಕೆಗಳೂ ಅದನ್ನು ಅಚ್ಚು ಹಾಕಿದವು.

ಇಲ್ಲಿಗೆ ಕತೆ ಮುಗಿಯಬೇಕಿತ್ತು, ಮುಗಿಯಲಿಲ್ಲ. ಉತ್ತರ ಸಿಕ್ಕಿದ ಮೇಲೂ ಹತ್ತು ತಿಂಗಳು ಜನ ಪ್ರಶ್ನೆಯನ್ನೇ ಕೇಳುತ್ತಿದ್ದರು. ಇದಿಷ್ಟೇ ಆಗಿರಲು ಸಾಧ್ಯವಿಲ್ಲ, ಜಾಬ್ಸ್ ಇಷ್ಟಕ್ಕೆ ನಗರ ಕಟ್ಟುವ ಮಾತಾಡುತ್ತಾರೆಯೇ, ಇದು ದಾರಿ ತಪ್ಪಿಸಲು ಹಾಕಿದ ಚಿತ್ರ ಎಂಬ ತರ್ಕ ಬಂತು. ಚಾಡಿಮಾತನ್ನೋ ಅಪವಾದವನ್ನೋ ಸಾಕ್ಷಿ ತೋರಿಸಿ ಅಲ್ಲಗಳೆಯಬಹುದು. ಆಸೆಯಿಂದ ಹುಟ್ಟಿದ ವದಂತಿಗೆ ಸಾಕ್ಷಿ ಕೊಟ್ಟರೆ ಅದು ಸಾಕ್ಷಿಯನ್ನೇ ನುಂಗಿ ಇನ್ನಷ್ಟು ದಪ್ಪಗಾಗುತ್ತದೆ. ಹೊಗಳಿಕೆ ಮೊದಲು ಬಂದು ವಸ್ತು ಆಮೇಲೆ ಬಂದಾಗ, ಹೊಗಳಿಕೆಯ ಎತ್ತರಕ್ಕೆ ವಸ್ತುವನ್ನು ಅಳೆಯುತ್ತಾರೆಯೇ ಹೊರತು ವಸ್ತುವಿಗೆ ಹೊಗಳಿಕೆಯನ್ನಲ್ಲ.

ಆ ಹೊಗಳಿಕೆಯಾದರೂ ಪೂರ್ತಿಯೇ? 2003ರಲ್ಲಿ ಹೊರಬಂದ 'ಕೋಡ್ ನೇಮ್ ಜಿಂಜರ್' ಪುಸ್ತಕದಲ್ಲಿ ಕೆಂಪರ್ ಒಂದು ಸಭೆಯನ್ನು ವಿವರವಾಗಿ ಚಿತ್ರಿಸಿದ್ದಾರೆ. 2000ದ ಡಿಸೆಂಬರಿನಲ್ಲಿ, ಅಂದರೆ ಸುದ್ದಿ ಸೋರುವ ತಿಂಗಳ ಮುಂಚೆ, ಸ್ಯಾನ್ ಫ್ರಾನ್ಸಿಸ್ಕೊ ವಿಮಾನ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಜಾಬ್ಸ್, ಬೆಜೋಸ್, ಡೋರ್ ಸೇರಿದ್ದರು. ಯಂತ್ರದ ವಿನ್ಯಾಸ ಹೇಗಿದೆ ಎಂದು ಕೇಳಿದಾಗ ಜಾಬ್ಸ್ ಮುಖಕ್ಕೆ ಹೊಡೆದಂತೆ ಚೆನ್ನಾಗಿಲ್ಲ ಎಂದರು. ಆಕಾರದಲ್ಲಿ ಹೊಸತನವಿಲ್ಲ, ಸೊಗಸಿಲ್ಲ ಎಂದರು. ಸ್ಟ್ಯಾನ್‌ಫರ್ಡಿನ ಯಾವನೋ ಹುಡುಗ ಬಿದ್ದು ಗಾಯ ಮಾಡಿಕೊಂಡು, ಯಂತ್ರ ಕೆಟ್ಟದ್ದೆಂದು ಅಂತರ್ಜಾಲದಲ್ಲಿ ಬರೆದರೆ ಕಂಪನಿಯೇ ಮುಳುಗುತ್ತದೆ ಎಂದೂ ಎಚ್ಚರಿಸಿದರು. ಈ ಮಾತುಗಳು ಯಾವುವೂ ಸೋರಲಿಲ್ಲ. ಬೀದಿಗೆ ಬಂದದ್ದು ನಗರಗಳ ಮಾತು ಮಾತ್ರ. ಬೆಜೋಸ್ ಕೇಳಿದ ಅನುಮತಿಯ ಪ್ರಶ್ನೆ ಸೋರಿದವುಗಳಲ್ಲೇ ಅತ್ಯಂತ ವಿವೇಕದ ಮಾತು. ಗುಟ್ಟಿನ ಬಲ ಎಷ್ಟಿತ್ತೆಂದರೆ ಅದನ್ನೂ ಹೊಗಳಿಕೆಯೆಂದೇ ಓದಿದರು: ಸರ್ಕಾರವೇ ಹೆದರುವಂಥ ಯಂತ್ರ!

2001ರ ಡಿಸೆಂಬರ್ 3ರ ಬೆಳಿಗ್ಗೆ ಎಬಿಸಿ ವಾಹಿನಿಯ 'ಗುಡ್ ಮಾರ್ನಿಂಗ್ ಅಮೆರಿಕ' ಕಾರ್ಯಕ್ರಮದಲ್ಲಿ ಪರದೆ ಸರಿಯಿತು. ಪೇಟೆಂಟ್ ಚಿತ್ರದಲ್ಲಿದ್ದದ್ದೇ ಎದುರಿಗೆ ನಿಂತಿತ್ತು. ಹೆಸರು ಸೆಗ್ವೇ. ಅಕ್ಕಪಕ್ಕದಲ್ಲಿ ಎರಡು ಗಾಲಿ, ನಡುವೆ ನಿಲ್ಲುವ ಹಲಗೆ, ಎದೆಮಟ್ಟದ ಹಿಡಿಕೋಲು. ಮುಂದಕ್ಕೆ ಬಾಗಿದರೆ ಮುಂದೆ ಹೋಗುತ್ತದೆ, ಹಿಂದಕ್ಕೆ ವಾಲಿದರೆ ನಿಲ್ಲುತ್ತದೆ, ಬ್ರೇಕೇ ಇಲ್ಲ. ಐದು ಗೈರೋಸ್ಕೋಪುಗಳು ವಾಲುವಿಕೆಯನ್ನು ಸೆಕೆಂಡಿಗೆ ನೂರು ಸಲ ಅಳೆಯುತ್ತವೆ. ಒಂದು ಭಾಗ ಕೆಟ್ಟರೂ ಇನ್ನೊಂದು ಕೈಹಿಡಿಯುವಂತೆ ಮೋಟರಿನ ಸುತ್ತು, ಬ್ಯಾಟರಿ, ಕಂಪ್ಯೂಟರ್ ಹಲಗೆ ಎಲ್ಲವೂ ಎರಡೆರಡು. ಗರಿಷ್ಠ ವೇಗ ಗಂಟೆಗೆ ಸುಮಾರು 20 ಕಿಲೋಮೀಟರ್. ಎಂಜಿನಿಯರಿಂಗ್ ದೃಷ್ಟಿಯಿಂದ ಅದು ನಿಜಕ್ಕೂ ಮೋಹಕ. ಮನುಷ್ಯ ನಡೆಯುವುದೂ ಹೀಗೆಯೇ ಅಲ್ಲವೇ? ಮುಂದಕ್ಕೆ ಬೀಳಲು ಹೋಗುತ್ತೇವೆ, ಬೀಳುವ ಮುಂಚೆ ಕಾಲು ಮುಂದಿಟ್ಟು ತಡೆಯುತ್ತೇವೆ. ಸೆಗ್ವೇ ಆ ಕಾಲಿನ ಕೆಲಸವನ್ನು ಗಾಲಿಗೆ ಕಲಿಸಿತ್ತು. ಆದರೆ ತೇಲುವ ಹಲಗೆಗಾಗಿ ಕಾದು ಕೂತವರಿಗೆ ಇದರಲ್ಲಿ ಬೆರಗು ಕಾಣಲಿಲ್ಲ. ಇಷ್ಟೇನಾ ಎಂಬ ಉದ್ಗಾರ ಅಂದು ಎಲ್ಲೆಡೆ ಕೇಳಿತು. ಇನ್ನೂ ಕೆಲವರು ಇದು ಬರೀ ಮುನ್ನುಡಿ, ಸ್ಟರ್ಲಿಂಗ್ ಎಂಜಿನ್ ಇರುವ ನಿಜವಾದ 'ಅದು' ಮುಂದಿದೆ ಎಂದು ಊಹೆಯನ್ನು ಮುಂದುವರಿಸಿದರು.

ಊಹೆಗೆ ಬಲಿಯಾದವರು ಹೊರಗಿನವರಷ್ಟೇ ಅಲ್ಲ. ಕುದುರೆಗಾಡಿಗೆ ಕಾರು ಏನಾಯಿತೋ ಕಾರಿಗೆ ಸೆಗ್ವೇ ಅದೇ ಆಗುತ್ತದೆ ಎಂದು ಕೇಮನ್ ನಂಬಿದ್ದರು. ತಿಂಗಳಿಗೆ 40,000 ಯಂತ್ರ ತಯಾರಿಸಬಲ್ಲ ಕಾರ್ಖಾನೆ ಕಟ್ಟಿಸಿದ್ದರು. 2002ರ ಕೊನೆಗೆ ವಾರಕ್ಕೆ 10,000 ಮಾರಾಟವಾಗುತ್ತದೆ ಎಂಬುದು ಅವರ ಅಂದಾಜು. 2006ರಲ್ಲಿ ಒಂದು ದೋಷಕ್ಕಾಗಿ ಮಾರಿದ್ದನ್ನೆಲ್ಲ ಹಿಂದಕ್ಕೆ ಕರೆದಾಗ ಲೆಕ್ಕ ಬಯಲಾಯಿತು: ಒಟ್ಟು 23,500. ಎರಡೂವರೆ ವಾರದಲ್ಲಿ ಮುಗಿಯಬೇಕಿದ್ದ ಮಾರಾಟಕ್ಕೆ ನಾಲ್ಕೈದು ವರ್ಷ ಹಿಡಿದಿತ್ತು. ಬೆಲೆ ಸುಮಾರು 5,000 ಡಾಲರ್. ಪಾದಚಾರಿ ಮಾರ್ಗಕ್ಕೆ ವೇಗ ಹೆಚ್ಚು, ರಸ್ತೆಗೆ ಕಡಿಮೆ. ಸಾಮಾನ್ಯ ಗ್ರಾಹಕರ ಕೈಗೆ ಯಂತ್ರ ತಲುಪುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೊ ನಗರ ಪಾದಚಾರಿ ಮಾರ್ಗಗಳಲ್ಲಿ ಅದನ್ನು ನಿಷೇಧಿಸಿತು. ಬೆಜೋಸ್ ಕೇಳಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತ್ತು. ಕಡೆಗೆ ಸೆಗ್ವೇ ಉಳಿದದ್ದು ವಿಮಾನ ನಿಲ್ದಾಣ ಮತ್ತು ಮಾಲುಗಳ ಕಾವಲುಗಾರರಲ್ಲಿ, ಪ್ರವಾಸಿಗಳ ಗುಂಪುಗಳಲ್ಲಿ. 2015ರಲ್ಲಿ ಚೀನಾದ ನೈನ್‌ಬಾಟ್ ಕಂಪನಿ ಅದನ್ನು ಕೊಂಡಿತು. 2020ರ ಜುಲೈಯಲ್ಲಿ ತಯಾರಿಕೆ ನಿಂತಿತು.

ವದಂತಿ ಮಾತ್ರ ನಿಲ್ಲಲಿಲ್ಲ. ಸೆಗ್ವೇ ಕಂಡುಹಿಡಿದವನು ಸೆಗ್ವೇಯಿಂದಲೇ ಬಿದ್ದು ಸತ್ತ ಎಂಬ ಮಾತನ್ನು ನೀವೂ ಕೇಳಿರಬಹುದು, ಅದು ಸುಳ್ಳು. 2010ರ ಸೆಪ್ಟೆಂಬರಿನಲ್ಲಿ ತೀರಿಕೊಂಡವರು ಜಿಮಿ ಹೆಸೆಲ್ಡನ್. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಗಣಿ ಕೆಲಸಗಾರರಾಗಿದ್ದು, ಆಮೇಲೆ ದೊಡ್ಡ ಉದ್ಯಮಿಯಾಗಿ, ಕೋಟ್ಯಂತರ ಹಣ ದಾನ ಮಾಡಿದವರು. ಆ ಘಟನೆಗೆ ಒಂದು ವರ್ಷವೂ ತುಂಬದ ಹಿಂದೆ ಕಂಪನಿಯನ್ನು ಕೊಂಡಿದ್ದರು. ನದಿಯ ಪಕ್ಕದ ಕಿರುದಾರಿಯಲ್ಲಿ ನಾಯಿಯೊಂದಿಗೆ ಬರುತ್ತಿದ್ದವರೊಬ್ಬರಿಗೆ ಜಾಗ ಬಿಡಲು ಹಿಂದೆ ಸರಿದಾಗ ಅವರು ಕಡಿದಾದ ದಂಡೆಯಿಂದ ಬಿದ್ದರು ಎಂದು ವಿಚಾರಣೆಯಲ್ಲಿ ತಿಳಿದುಬಂತು. ಇನ್ನೊಬ್ಬರಿಗೆ ದಾರಿ ಬಿಡುವ ಸೌಜನ್ಯದಲ್ಲಿ ಪ್ರಾಣ ಬಿಟ್ಟ ಮನುಷ್ಯನ ಹೆಸರನ್ನೂ ಕೇಳದೆ ಜನ ಅದನ್ನೊಂದು ನಗೆಹನಿ ಮಾಡಿಕೊಂಡರು. 'ಅಂತೆ' ಎಂಬುದು ಇಲ್ಲದ ಗುಣವನ್ನು ಯಂತ್ರಕ್ಕೆ ಅಂಟಿಸಿದಷ್ಟೇ ಸುಲಭವಾಗಿ ಇದ್ದ ಗುಣವನ್ನು ಮನುಷ್ಯನಿಂದ ಕಿತ್ತುಕೊಳ್ಳುತ್ತದೆ.

ಈಗ ಫ್ರೆಡ್‌ಗೆ, ಅಂದರೆ ಐಬಾಟ್‌ಗೆ ಮರಳುತ್ತೇನೆ. ಅದು 1999ರಲ್ಲೇ ಅಮೆರಿಕದ ಟಿವಿಯಲ್ಲಿ ಮೆಟ್ಟಿಲು ಹತ್ತಿ ತೋರಿಸಿತ್ತು. ಅದರಲ್ಲಿ ಗುಟ್ಟೇ ಇರಲಿಲ್ಲ, ಹಾಗಾಗಿ ಗುಲ್ಲೂ ಇರಲಿಲ್ಲ. 2003ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದಕ್ಕೆ ಒಪ್ಪಿಗೆ ಕೊಟ್ಟಿತು. ಬೆಲೆ 25,000 ಡಾಲರಿಗೂ ಮೇಲೆ. ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಸಾಮಾನ್ಯ ವಿದ್ಯುತ್ ಗಾಲಿಕುರ್ಚಿಯ ಮಟ್ಟಿಗೆ ಮಾತ್ರ ಹಣ ಕೊಡುವುದಾಗಿ 2006ರಲ್ಲಿ ತೀರ್ಮಾನಿಸಿತು. ಮೆಟ್ಟಿಲು ಹತ್ತುವುದು, ಎದುರಿನವರ ಕಣ್ಣಿನ ಮಟ್ಟಕ್ಕೆ ಏರುವುದು ಅದರ ಲೆಕ್ಕದಲ್ಲಿ ವೈದ್ಯಕೀಯ ಅಗತ್ಯಗಳಲ್ಲ. ಕೊಳ್ಳಲಾದವರು ಕೆಲವರೇ. 2009ರಲ್ಲಿ ಮಾರಾಟ ನಿಂತಿತು.

ಈ ಎರಡು ಯಂತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ನಗರಗಳ ಬಗ್ಗೆ ಸೋರಿದ ಆ ಮಾತು ನನಗೆ ಬೇರೆಯಾಗಿಯೇ ಕೇಳಿಸುತ್ತದೆ. ನಡೆಯಬಲ್ಲವರು ನಿಂತು ಹೋಗುವ ಒಂದು ಯಂತ್ರಕ್ಕಾಗಿ, ಅದನ್ನು ನೋಡುವ ಮುಂಚೆಯೇ, ನಗರಗಳನ್ನು ಹೊಸದಾಗಿ ಕಟ್ಟುವ ಕಲ್ಪನೆ ಒಂದು ದೇಶಕ್ಕೆ ಸಹಜವೆನಿಸಿತು. ನಡೆಯಲಾಗದವರಿಗಾಗಿ ಮೆಟ್ಟಿಲ ಪಕ್ಕದಲ್ಲೊಂದು ಇಳಿಜಾರು ಹಾಕಿ ಎಂದು ಕೇಳಲು ಅದೇ ದೇಶದಲ್ಲಿ ದಶಕಗಳ ಹೋರಾಟ ಬೇಕಾಯಿತು. 1990ರ ಕಾನೂನಿಗಾಗಿ ಒತ್ತಾಯಿಸಿ ಗಾಲಿಕುರ್ಚಿಗಳನ್ನು ಬಿಟ್ಟು ಸಂಸತ್ ಭವನದ ಮೆಟ್ಟಿಲುಗಳನ್ನು ತೆವಳುತ್ತ ಹತ್ತಿದವರಲ್ಲಿ ಮಕ್ಕಳೂ ಇದ್ದರು. ನಮ್ಮಲ್ಲಿಯೂ 1995ರಲ್ಲೊಂದು, 2016ರಲ್ಲೊಂದು ಕಾನೂನು ಬಂದಿವೆ. ನಮ್ಮ ಊರಿನ ಪಾದಚಾರಿ ಮಾರ್ಗದಲ್ಲಿ ಗಾಲಿಕುರ್ಚಿಯೊಂದನ್ನು ತಳ್ಳಿಕೊಂಡು ನೂರು ಹೆಜ್ಜೆ ಹೋಗಿ ಬಂದವರಿಗೆ ಆ ಕಾನೂನುಗಳ ಇಂದಿನ ಸ್ಥಿತಿಯನ್ನು ವಿವರಿಸಬೇಕಾಗಿಲ್ಲ.

ಕೇಮನ್ ಐಬಾಟನ್ನು ಕೈಬಿಡಲಿಲ್ಲ. 2016ರಲ್ಲಿ ಟೊಯೋಟಾ ಕಂಪನಿಯೊಂದಿಗೆ ಸೇರಿ ಅದನ್ನು ಮತ್ತೆ ಎತ್ತಿಕೊಂಡರು. ಸೆಗ್ವೇ ಕೊನೆಯುಸಿರು ಎಳೆಯುತ್ತಿದ್ದ ಹೊತ್ತಿಗೆ, ಹೊಸ ಐಬಾಟ್ ಮಾರುಕಟ್ಟೆಗೆ ಬಂತು. ಬರುವ ಮುಂಚೆ ಅದರಲ್ಲಿ ಏನೇನಿರಬಹುದು ಎಂದು ರಾತ್ರಿಯೆಲ್ಲ ಕೂತು ಊಹಿಸಿದವರ ಸಂತೆ ಎಲ್ಲೂ ನೆರೆಯಲಿಲ್ಲ. ಅದು ಈಗಲೂ ಮೆಟ್ಟಿಲು ಹತ್ತುತ್ತದೆ, ಈಗಲೂ ಎರಡು ಗಾಲಿಗಳ ಮೇಲೆ ಎದ್ದು ನಿಲ್ಲುತ್ತದೆ.